ಹಸಿದ ಹೊಟ್ಟೆಯ ಸೋಮವಾರಗಳು

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಗಡಿಯಾರ ನೋಡಿದ್ದು ಚೆನ್ನಾಗಿ ನೆನಪಿದೆ, ಏಕೆಂದರೆ ನಾಲ್ಕಕ್ಕೆ ನಲ್ಲಿಯಲ್ಲಿ ನೀರು ಬರುತ್ತಿತ್ತು, ಕೊಡಗಳನ್ನು ಹಿತ್ತಿಲಿಗೆ ಸಾಗಿಸಿ ಸಾಲಾಗಿ ಇಡುವ ಕೆಲಸ ನನ್ನದು. ಅಮ್ಮ ಅಡುಗೆಮನೆಯ ನೆಲದ ಮೇಲೆ ಕುಳಿತು ಆಗಷ್ಟೇ ಊಟ ಮುಗಿಸಿದ್ದಳು. ತಟ್ಟೆ ಎತ್ತಲು ಕೈ ಹಾಕಿದವಳು ಎತ್ತಲಿಲ್ಲ. ಎದೆಗೂಡಿನ ಕೆಳಗೆ ಅಂಗೈ ಒತ್ತಿ ಹಿಡಿದು, ಹಣೆ ನೆಲಕ್ಕೆ ತಾಗುವಷ್ಟು ಮುಂದಕ್ಕೆ ಬಾಗಿದಳು. ಏನೋ ಬಿದ್ದದ್ದನ್ನು ಹುಡುಕುತ್ತಿದ್ದಾಳೆ ಅಂದುಕೊಂಡೆ.

"ಅಮ್ಮ, ಏನಾಯ್ತು?"

"ಏನಿಲ್ಲ, ಗ್ಯಾಸು. ನೀನು ಕೊಡ ತಗೊಂಡ್ ಹೋಗು, ನೀರು ಬರೋ ಹೊತ್ತಾಯ್ತು."

ನಾನು ಕೊಡಗಳನ್ನು ಇಟ್ಟು ಬರುವಷ್ಟರಲ್ಲಿ ಅವಳು ಒಲೆಕಟ್ಟೆಗೆ ಒರಗಿ ಬೆವರುತ್ತಿದ್ದಳು. ನೋವು ಹೊಟ್ಟೆಯಲ್ಲಿ ಹೊಕ್ಕು ಬೆನ್ನಲ್ಲಿ ಹೊರಡುತ್ತಿದೆ ಎಂದಳು. ನನಗಾಗ ಹದಿನಾಲ್ಕು ವರ್ಷ. ಈಗ ನಲವತ್ತು ದಾಟಿದೆ. ಈಗಲೂ ಆ ಹೊತ್ತಿಗೆ ಮನೆಯಲ್ಲಿ ಯಾರಾದರೂ ಸುಮ್ಮನೆ ನೆಲದ ಕಡೆ ಬಗ್ಗಿದರೆ ಸಾಕು, ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಅವರ ಮುಖ ನೋಡುತ್ತೇನೆ.

ಯಾರನ್ನೂ ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ ಎಂದು ಶುರು ಮಾಡುವುದು ರೂಢಿ. ನಾನು ಹಾಗೆ ಬರೆಯುವುದಿಲ್ಲ. ನನಗೆ ದೂರು ಇದೆ. ನನ್ನನ್ನು ಸಾಕಿದ ಮನೆಯ ಮೇಲೆ, ಆ ಮನೆಯಲ್ಲಿ ಯಾರು ಮೊದಲು ಉಣ್ಣಬೇಕು ಯಾರು ಕೊನೆಗೆ ಎನ್ನುವ ಸರದಿಯ ಮೇಲೆ, ಆ ಸರದಿಯನ್ನು ಭಕ್ತಿ ಎಂದು ಕರೆದವರ ಮೇಲೆ ದೂರು ಇದೆ. ನೆಂಟರಲ್ಲಿ ಕೆಲವರು ಇದನ್ನು ಓದುತ್ತಾರೆ, ಮನೆಯ ಮಾತನ್ನು ಬೀದಿಗೆ ತಂದಳು ಅನ್ನುತ್ತಾರೆ. ಅನ್ನಲಿ. ಅಮ್ಮನ ಕೂಗು ಅವತ್ತೇ ಬೀದಿಗೆ ಕೇಳಿಸಿತ್ತು.

ನಮ್ಮದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್. ಎರಡೆರಡು ಮನೆಗೆ ನಡುವೆ ಒಂದು ಗೋಡೆ. ಮುಂದೆ ಸಣ್ಣ ಜಗಲಿ, ಒಳಗೆ ಹಾಲ್, ಎಡಕ್ಕೆ ಅಜ್ಜಿಯ ಕೋಣೆ. ದೇವರ ಗೂಡು ಅದೇ ಕೋಣೆಯಲ್ಲಿದ್ದುದರಿಂದ ಸ್ನಾನ ಮಾಡದೆ ನಾವು ಯಾರೂ ಅಲ್ಲಿಗೆ ಹೋಗುವಂತಿರಲಿಲ್ಲ. ಹಿಂದೆ ಅಡುಗೆಮನೆ. ಅದಕ್ಕೆ ಒಂದೇ ಕಿಟಕಿ, ಆ ಕಿಟಕಿಯ ಕೆಳಗೆ ಅಮ್ಮನ ಜಾಗ. ಅಪ್ಪಾಜಿ ಕಾರ್ಖಾನೆಯಲ್ಲಿ ಪಾಳಿಯ ಕೆಲಸಗಾರರು. ಅವರ ಪಾಳಿ ಬದಲಾದಂತೆ ಮನೆಯ ಊಟದ ಹೊತ್ತು ಬದಲಾಗುತ್ತಿತ್ತು. ಅಮ್ಮನ ಊಟಕ್ಕೆ ಮಾತ್ರ ಹೊತ್ತು ಅನ್ನುವುದೇ ಇರಲಿಲ್ಲ. ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲು, ಒಂದು ನುಗ್ಗೆ ಮರ, ಗೋಡೆಯಂಚಿಗೆ ಸಿಮೆಂಟಿನ ಮುಚ್ಚಳದ ಒಂದು ಚೇಂಬರ್. ನಮ್ಮ ಬಚ್ಚಲ ನೀರು, ಪಕ್ಕದ ಮನೆಯ ಸೆಲ್ವಿ ಅಕ್ಕನ ಬಚ್ಚಲ ನೀರು ಎರಡೂ ಅಲ್ಲಿ ಕೂಡಿ ಒಂದೇ ಪೈಪಿನಲ್ಲಿ ಬೀದಿಯ ಮೋರಿಗೆ ಹೋಗಬೇಕು. ಅಲ್ಲಿ ಏನಾದರೂ ಸಿಕ್ಕಿಕೊಂಡರೆ ಎರಡೂ ಮನೆಯ ಬಚ್ಚಲು ಒಟ್ಟಿಗೇ ತುಂಬುತ್ತಿತ್ತು. ಆಗ ಅಜ್ಜಿ ಗೋಡೆಯ ಈಚೆಯಿಂದ ಶುರು ಮಾಡುತ್ತಿದ್ದರು.

"ಏ ಸೆಲ್ವಿ, ನಿಮ್ಮನೆ ಮೀನಿನ ಮುಳ್ಳು ಕಣೇ ಇದು!"

"ನಮ್ಮನೇಲಿ ಮೀನು ಭಾನುವಾರ ಮಾತ್ರ ಅಜ್ಜಿ. ಇವತ್ತು ಗುರುವಾರ. ಇದು ನಿಮ್ಮನೆ ಹೋಳಿಗೆ ಹೂರಣ, ನೋಡಿ ಬೇಕಾದ್ರೆ."

ನೋಡಿದರೆ ಹೂರಣವೇ ಆಗಿರುತ್ತಿತ್ತು. ಅಜ್ಜಿ ಒಪ್ಪುತ್ತಿರಲಿಲ್ಲ. ಸೆಲ್ವಿ ಅಕ್ಕ ಕೋಲು ಹಾಕಿ ತಿವಿದು ಸರಿ ಮಾಡುತ್ತಿದ್ದಳು, ಸಂಜೆ ಅಜ್ಜಿ ಅವಳ ಮಗುವಿಗೆ ಒಂದು ಹೋಳಿಗೆ ಕಳಿಸುತ್ತಿದ್ದರು.

ಊಟದ ಸರದಿ ಹೀಗಿತ್ತು. ಮೊದಲು ಪೂಜೆ. ಆಮೇಲೆ ಅಪ್ಪಾಜಿ. ಆಮೇಲೆ ಬಂದವರಿದ್ದರೆ ಬಂದವರು, ನಾನು, ಅಜ್ಜಿ. ಕೊನೆಗೆ ಅಮ್ಮ. ಬೆಳಗಿನ ತಿಂಡಿ ಅವಳಿಗೆ ಸಿಗುತ್ತಿದ್ದುದು ಪಾತ್ರೆ ತೊಳೆದು, ಬಟ್ಟೆ ಒಗೆದ ಮೇಲೆ, ಹನ್ನೊಂದೋ ಹನ್ನೊಂದೂವರೆಯೋ. ಸೋಮವಾರ ಅದೂ ಇಲ್ಲ. ಅಮಾವಾಸ್ಯೆಗೆ ಇಲ್ಲ, ಶಿವರಾತ್ರಿಗೆ ಇಲ್ಲ. ಶ್ರಾವಣದ ಸೋಮವಾರಗಳಲ್ಲಿ ಪ್ರಸಾದಕ್ಕೆ ಅಯ್ಯನವರನ್ನು ಕರೆಯುತ್ತಿದ್ದೆವು. ಅವರು ಬಂದು, ಪಾದಪೂಜೆಯಾಗಿ, ಉಂಡು, ವಿಶ್ರಾಂತಿ ಮಾಡಿ ಹೊರಡುವ ತನಕ ಮನೆಯ ಸೊಸೆ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕಬಾರದು. ಇದು ಅಜ್ಜಿಯ ಅತ್ತೆ ಅಜ್ಜಿಗೆ ಕಲಿಸಿದ್ದು. ಅಯ್ಯನವರಾಗಲಿ ದೇವರಾಗಲಿ ಇದನ್ನು ಎಂದೂ ಕೇಳಿದವರಲ್ಲ. ಪಾಪ, ಅಯ್ಯನವರಿಗೆ ಒಳಗೆ ಒಬ್ಬಳು ಬೆಳಗಿನಿಂದ ಒಣಗುತ್ತಿದ್ದಾಳೆ ಎನ್ನುವುದು ಗೊತ್ತೂ ಇರಲಿಲ್ಲ. ಬಂದವರು ಹೊಗಳುತ್ತಿದ್ದರು: ಗಿರಿಜಮ್ಮ ಊಟ ಕೇಳೋರೇ ಅಲ್ಲ, ಅಂಥ ಸೊಸೆ ಸಿಗಬೇಕು. ಅಮ್ಮ ನಗುತ್ತಿದ್ದಳು. ಆ ಹೊಗಳಿಕೆಯನ್ನು ಅವಳು ನಂಬಿದ್ದಳು, ಅದೇ ನನಗೆ ಹೆಚ್ಚು ಸಿಟ್ಟು ತರಿಸುವುದು.

ಅವತ್ತು ಶ್ರಾವಣದ ಎರಡನೇ ಸೋಮವಾರ. ಹೋಳಿಗೆಯ ಕೆಲಸಕ್ಕೆ ನೆರವಾಗಲೆಂದು ನನಗೆ ಶಾಲೆ ಬಿಡಿಸಿದ್ದರು. ಅಯ್ಯನವರು ಹೊರಟಾಗ ಎರಡೂವರೆ ದಾಟಿತ್ತು. ಆಮೇಲೆ ಎಲ್ಲರದೂ ಆಗಿ ಅಮ್ಮ ಕುಳಿತಾಗ ಅಜ್ಜಿಯೇ ಎದ್ದು ಬಂದು ಬಡಿಸಿದರು.

"ಬೆಳಗ್ಗಿಂದ ಹಸ್ಕೊಂಡಿದೀಯ, ಹಾಕ್ಕೋ. ಬೇಡ ಅನ್ಬೇಡ."

ಮೂರು ಹೋಳಿಗೆ ಹಾಕಿ, ತಟ್ಟೆಯ ಅಂಚಿಗೆ ಹರಿದು ಬರುವಷ್ಟು ತುಪ್ಪ ಸುರಿದರು. ಅದು ಅಜ್ಜಿಯ ಪ್ರೀತಿ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಇಡೀ ದಿನ ಉಪವಾಸ ಕೆಡವಿ ಕೊನೆಗೆ ಒಂದೇ ಸಲ ಅಷ್ಟು ತುಪ್ಪ ಸುರಿಯುವುದನ್ನು ಪ್ರೀತಿ ಎಂದು ನಮಗೆ ಯಾರು ಕಲಿಸಿದರು ಎಂದು ಮಾತ್ರ ಕೇಳುತ್ತೇನೆ.

ನೋವು ಹೆಚ್ಚಾದಾಗ ಅಜ್ಜಿ ಗಾಬರಿಯಾಗಲಿಲ್ಲ. ಅವರಿಗೆ ಕಾರಣ ಗೊತ್ತಿತ್ತು: ಹೊಟ್ಟೆ ಒಣಗಿದೆ. ಒಣಗಿದ ಹೊಟ್ಟೆಗೆ ಜಿಡ್ಡು ಬೇಕು. ಬಿಸಿ ತುಪ್ಪಕ್ಕೆ ಜೀರಿಗೆ ಪುಡಿ ಹಾಕಿ ಸಣ್ಣ ಲೋಟದಲ್ಲಿ ಕುಡಿಸಿದರು. ಅಮ್ಮ ಕಣ್ಣು ಮುಚ್ಚಿ ಕುಡಿದಳು. ಅರ್ಧ ಗಂಟೆಯಲ್ಲಿ ಬಚ್ಚಲಿಗೆ ಓಡಿ ಎಲ್ಲವನ್ನೂ ಕಕ್ಕಿದಳು, ಕಕ್ಕುವುದಕ್ಕೆ ಏನೂ ಇಲ್ಲದ ಮೇಲೂ ಕಕ್ಕಿದಳು. ಅಪ್ಪಾಜಿ ಎರಡನೇ ಪಾಳಿಯಲ್ಲಿದ್ದರು. ಸಂಜೆ ಅಜ್ಜಿ ಹಿಂದಿನ ಸಾಲಿನಿಂದ ಹಾಲಮ್ಮನನ್ನು ಕರೆಸಿದರು. ಹೊಟ್ಟೆನೋವಿಗೆಲ್ಲ ಅವಳದು ಒಂದೇ ಉತ್ತರ, ಬಟ್ಟಿ ಜಾರಿದೆ. ಹೊಕ್ಕುಳ ಹತ್ತಿರ ಮಿಡಿಯುವ ನಾಡಿ ಜಾಗ ಬಿಟ್ಟು ಸರಿದರೆ ನೋವು ಬರುತ್ತದೆ, ತಿಕ್ಕಿ ಅದನ್ನು ಜಾಗಕ್ಕೆ ತಂದರೆ ಹೋಗುತ್ತದೆ ಎಂದು ನಮ್ಮ ಕಡೆ ನಂಬಿಕೆ.

"ಮೇಲಕ್ಕೇರಿ ಕೂತದೆ ಕಣಮ್ಮ. ಇಳಿಸ್ಬೇಕು. ಸ್ವಲ್ಪ ತಡ್ಕೋ."

ಹರಳೆಣ್ಣೆ ಹಚ್ಚಿ, ಎದೆಗೂಡಿನ ಕೆಳಗಿಂದ ಹೊಕ್ಕುಳ ಕಡೆಗೆ ಹೆಬ್ಬೆರಳಿನಲ್ಲಿ ಒತ್ತಿ ಎಳೆದಳು. ಅಮ್ಮ ಕೂಗಿದಳು. ನನ್ನ ಹದಿನಾಲ್ಕು ವರ್ಷದಲ್ಲಿ ಅವಳ ಧ್ವನಿ ಜಗಲಿ ದಾಟಿ ಹೋದದ್ದನ್ನು ನಾನು ಕೇಳಿರಲಿಲ್ಲ. ನಾನು ಹಾಲಮ್ಮನ ಕೈ ಹಿಡಿದುಕೊಂಡು ಬಿಡಲಿಲ್ಲ. ಅವಳು ಅಜ್ಜಿಯ ಮುಖ ನೋಡಿದಳು, ಅಜ್ಜಿ ನನ್ನ ಮುಖ ನೋಡಿದರು.

"ಬಿಡೇ ಕೈನ. ದೊಡ್ಡೋರಿಗೆ ಗೊತ್ತಾಗುತ್ತೆ."

ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಆ ರಾತ್ರಿಯ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಬೆಳಿಗ್ಗೆ ಸೆಲ್ವಿ ಅಕ್ಕ ಗೋಡೆ ಹತ್ತಿರ ನಿಂತು ವಿಚಾರಿಸಿದವಳು ಒಳಗೇ ಬಂದಳು. ಅಮ್ಮನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಅರಿಶಿನಕ್ಕೆ ಅವಳ ತಮಿಳಿನಲ್ಲಿ ಮಂಜಳ್ ಎನ್ನುತ್ತಾರೆ.

"ಅಯ್ಯೋ ಅಜ್ಜಿ, ಕಣ್ಣೆಲ್ಲ ಮಂಜಳ್! ನನ್ನ ತಮ್ಮ ಮುರುಗನ ಗಾಡಿ ಹೊರಗೇ ನಿಂತಿದೆ. ಅಣ್ಣ, ನೀವೇನು ನೋಡ್ತಾ ಕೂತಿದೀರಾ? ಎತ್ತಿ!"

ಅಣ್ಣ ಎಂದದ್ದು ಅಪ್ಪಾಜಿಗೆ. ಅವರು ಎದ್ದರು. ಬಾಡಿಗೆ ಅಂಬಾಸಿಡರ್ ಕಾರು, ಹಿಂದಿನ ಸೀಟಿನಲ್ಲಿ ಅಮ್ಮನ ತಲೆ ನನ್ನ ತೊಡೆಯ ಮೇಲೆ, ಕಾಲು ಅಜ್ಜಿಯ ತೊಡೆಯ ಮೇಲೆ. ಕಣ್ಣು ಹಳದಿ ಎಂದ ಮೇಲೆ ಅಜ್ಜಿಗೆ ಹೊಸ ಧೈರ್ಯ ಬಂದಿತ್ತು. ಅದು ಕಾಮಾಲೆ, ಕಾಮಾಲೆಗೆ ಇಂಗ್ಲಿಷ್ ಔಷಧಿ ನಡೆಯುವುದಿಲ್ಲ, ಶಿವಮೊಗ್ಗ ದಾಟಿ ಹೊಳಲೂರಿಗೆ ಹೋದರೆ ನೆಂಟರ ಪರಿಚಯದವರೊಬ್ಬರು ಸೊಪ್ಪು ಅರೆದು ಖಾಲಿ ಹೊಟ್ಟೆಗೆ ಕೊಡುತ್ತಾರೆ. ಅಮ್ಮನದು ಹೇಗೂ ಖಾಲಿ ಹೊಟ್ಟೆ. ಮುಂದೆ ಕುಳಿತಿದ್ದ ಅಪ್ಪಾಜಿ ಏನೂ ಹೇಳಲಿಲ್ಲ. ಅವರು ಹೇಳದೆ ಇದ್ದರೆ ಒಪ್ಪಿದರು ಎಂದೇ ನಮ್ಮ ಮನೆಯಲ್ಲಿ ಲೆಕ್ಕ. ಮಲವಗೊಪ್ಪ ದಾಟುವಾಗ ಅಮ್ಮನ ಕೈ ತಣ್ಣಗಾಯಿತು. ಕರೆದರೆ ಹೂಂ ಅನ್ನುವುದನ್ನು ನಿಲ್ಲಿಸಿದಳು. ನಾನು ಆಸ್ಪತ್ರೆ, ಆಸ್ಪತ್ರೆ ಎಂದು ಕಿರುಚಿದೆ.

"ನೇರ ಹೊಳಲೂರಿಗೆ ಬಿಡಪ್ಪ," ಅಂದರು ಅಜ್ಜಿ.

ಮುರುಗ ಕನ್ನಡಿಯಲ್ಲಿ ಒಮ್ಮೆ ಹಿಂದಿನ ಸೀಟು ನೋಡಿದ.

"ಗಾಡಿ ನಂದು ಅಜ್ಜಿ," ಎಂದು ಶಿವಮೊಗ್ಗದ ಆಸ್ಪತ್ರೆಯ ಗೇಟಿಗೆ ತಂದು ನಿಲ್ಲಿಸಿದ.

ಆ ರಸ್ತೆಯಲ್ಲಿ ನಾನು ಆಮೇಲೆ ನೂರಾರು ಸಲ ಓಡಾಡಿದ್ದೇನೆ. ಈಗ ಶಿವಮೊಗ್ಗದ ಗೋಪಾಳದಲ್ಲಿ ಮನೆ, ಭದ್ರಾವತಿಗೆ ಹೋಗಬೇಕೆಂದರೆ ಅದೇ ದಾರಿ. ಮಲವಗೊಪ್ಪ ಬಂದಾಗ ಪ್ರತಿ ಸಲವೂ ನನ್ನ ತೊಡೆಯ ಮೇಲೆ ಭಾರ ಬಿದ್ದಂತಾಗುತ್ತದೆ. ಗಾಡಿ ನಿಲ್ಲದೆ ಹೊಳಲೂರಿಗೆ ಹೋಗುತ್ತದೆ ಎಂದು ಊಹಿಸುತ್ತೇನೆ. ಬೇಡ ಅಂದರೂ ಮನಸ್ಸು ಅದನ್ನೇ ಓಡಿಸಿ ತೋರಿಸುತ್ತದೆ.

ಡಾಕ್ಟರು ಪರೀಕ್ಷೆ ಮಾಡಿಸಿ ಬಂದು ಕೇಳಿದ ಮೊದಲ ಪ್ರಶ್ನೆಗೆ ಅಜ್ಜಿ ಕುರ್ಚಿಯಿಂದ ಎದ್ದೇ ಬಿಟ್ಟರು.

"ಇವರು ಕುಡೀತಾರಾ?"

"ಶಿವ ಶಿವ! ನಾವು ಲಿಂಗ ಕಟ್ಟಿದೋರಪ್ಪ!"

"ಕೇಳಲೇಬೇಕು ಅಜ್ಜಿ. ಈ ಕಾಯಿಲೆಗೆ ಮುಖ್ಯವಾಗಿ ಎರಡೇ ಕಾರಣ. ಅದಲ್ಲ ಅಂದ್ರೆ ಇದು."

ಸ್ಕ್ಯಾನಿನ ಲಕೋಟೆಯ ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಚಿತ್ರ ಬರೆದರು. ಅಪ್ಪಾಜಿ ನೋಡುತ್ತಿದ್ದರು, ಆದರೆ ಪ್ರಶ್ನೆ ಕೇಳುತ್ತಿದ್ದವಳು ನಾನಾದ್ದರಿಂದ ಡಾಕ್ಟರು ಚಿತ್ರವನ್ನು ನನ್ನ ಕಡೆ ತಿರುಗಿಸಿದರು.

"ಇದು ಲಿವರ್. ಪಿತ್ತರಸ ಮಾಡೋದು ಇದು. ಪಾತ್ರೆ ಜಿಡ್ಡು ಬಿಡಿಸೋಕೆ ಸೋಪು ಹೇಗೋ, ತಿಂದ ತುಪ್ಪ ಒಡೆಯೋಕೆ ಪಿತ್ತರಸ ಹಾಗೆ. ಈ ಸಣ್ಣ ಚೀಲ ಪಿತ್ತಕೋಶ. ಊಟ ಇಲ್ಲದಾಗ ರಸ ಇದರಲ್ಲಿ ಕೂಡಿರುತ್ತೆ, ಜಿಡ್ಡು ಕರುಳಿಗೆ ಇಳಿದ ತಕ್ಷಣ ಚೀಲ ಹಿಂಡಿ ಕಳಿಸುತ್ತೆ. ಇನ್ನು ಇದು, ಹೊಟ್ಟೆ ಹಿಂದೆ ಅಡ್ಡಡ್ಡ ಮಲಗಿರೋದು, ಪ್ಯಾಂಕ್ರಿಯಾಸ್. ನಿಮ್ಮ ಪುಸ್ತಕದಲ್ಲಿ ಏನಂತಾರೆ?"

"ಮೇದೋಜೀರಕ ಗ್ರಂಥಿ."

"ಅದೇ. ಇದರ ರಸ ಭಾರಿ ಜೋರು. ಅನ್ನ, ಬೇಳೆ, ಎಣ್ಣೆ ಎಲ್ಲ ಕರಗಿಸುತ್ತೆ. ಮಾಂಸಾನೂ ಕರಗಿಸುತ್ತೆ."

"ನಾವು ಮಾಂಸ ತಿನ್ನಲ್ಲ," ಅಂದರು ಅಜ್ಜಿ.

"ನಿಮ್ಮ ಸೊಸೆ ಮೈಯೊಳಗಿರೋದೂ ಮಾಂಸವೇ ಅಜ್ಜಿ. ಲಿವರಿನ ಕೊಳವೆ, ಇದರ ಕೊಳವೆ, ಎರಡೂ ಬಂದು ಕರುಳಿಗೆ ಸೇರೋ ಬಾಗಿಲು ಒಂದೇ. ಚೀಲದಿಂದ ಒಂದು ಸಣ್ಣ ಕಲ್ಲು ಜಾರಿ ಆ ಬಾಗಿಲಲ್ಲಿ ಸಿಕ್ಕಿಕೊಂಡಿದೆ. ಪಿತ್ತ ಹಿಂದಕ್ಕೆ ನಿಂತು ರಕ್ತಕ್ಕೆ ಸೇರ್ತಿದೆ, ಅದಕ್ಕೇ ಕಣ್ಣು ಹಳದಿ. ಪ್ಯಾಂಕ್ರಿಯಾಸಿನ ರಸ ಹೊರಗೆ ಹೋಗಕ್ಕಾಗದೆ ಒಳಗೇ ಕೆಲಸ ಶುರು ಮಾಡಿದೆ. ತನ್ನನ್ನ ತಾನೇ ಜೀರ್ಣ ಮಾಡ್ಕೋತಿದೆ."

ಅಜ್ಜಿ ನಿಧಾನಕ್ಕೆ ಕೇಳಿದರು:

"ಕಲ್ಲು ಎಲ್ಲಿಂದ ಬಂತು ಡಾಕ್ಟ್ರೇ? ಅಕ್ಕಿ ನಾನೇ ಆರಿಸೋದು. ಒಂದು ಕಲ್ಲೂ ಬಿಡಲ್ಲ."

ಡಾಕ್ಟರು ನಗಲಿಲ್ಲ. ಅದಕ್ಕಾಗಿ ಅವರ ಮೇಲೆ ನನಗೆ ಗೌರವವಿದೆ.

"ಅಕ್ಕಿ ಕಲ್ಲಲ್ಲ. ಪಿತ್ತರಸ ಚೀಲದಲ್ಲೇ ನಿಂತು ಗಟ್ಟಿಯಾದ ಕಲ್ಲು. ಹೊತ್ತಿಗೆ ಸರಿಯಾಗಿ ಊಟ ಮಾಡ್ತಾರಾ ಇವರು?"

ಅಪ್ಪಾಜಿ ಅಜ್ಜಿಯನ್ನು ನೋಡಿದರು. ಅಜ್ಜಿ ಗೋಡೆಯನ್ನು ನೋಡಿದರು. ನಾನು ಹೇಳಿದೆ, "ಇಲ್ಲ. ಎಲ್ಲರದೂ ಆದ ಮೇಲೆ. ಸೋಮವಾರ ಇಲ್ಲವೇ ಇಲ್ಲ."

"ಉಪವಾಸ ಒಂದೇ ಕಾರಣ ಅಂತ ನಾನು ಹೇಳಲ್ಲ. ಹೆಂಗಸರಲ್ಲಿ, ಮಕ್ಕಳಾದವರಲ್ಲಿ ಈ ಕಲ್ಲು ಹೆಚ್ಚು. ಆದ್ರೆ ಮತ್ತೆ ಮತ್ತೆ ಹೊಟ್ಟೆ ಖಾಲಿ ಬಿಟ್ಟರೆ ಚೀಲ ಹಿಂಡೋದೇ ಇಲ್ಲ. ನಿಂತ ರಸ ಕೆಸರಾಗುತ್ತೆ. ಆಮೇಲೆ ಒಂದೇ ಸಲ ತುಪ್ಪ ಬಿದ್ರೆ ಅದು ಪೂರ್ತಿ ಬಲ ಹಾಕಿ ಹಿಂಡುತ್ತೆ, ಕಲ್ಲಿನ ಸಮೇತ."

ಇವತ್ತು ನಾಳೆ ಕಳೆಯಲಿ, ಆಮೇಲೆ ಮಾತಾಡೋಣ ಎಂದು ಹೊರಟರು. ಬಾಯಿಗೆ ಏನೂ ಕೊಡಬಾರದು, ನೀರೂ ಸಹ. ಏನೇ ಒಳಗೆ ಹೋದರೂ ಆ ಗ್ರಂಥಿ ಕೆಲಸಕ್ಕೆ ಏಳುತ್ತದೆ, ಅದು ಮಲಗಿರಬೇಕು. ಮುಂದೆ ಶಿವಮೊಗ್ಗದಲ್ಲೇ ಬಿ.ಎಸ್ಸಿ. ಓದುವಾಗ ಒಂದು ಪರೀಕ್ಷೆಗೆ, ಜೀರ್ಣಕ್ರಿಯೆಯಲ್ಲಿ ಮೇದೋಜೀರಕ ಗ್ರಂಥಿ ಮತ್ತು ಪಿತ್ತಜನಕಾಂಗದ ಪಾತ್ರವನ್ನು ವಿವರಿಸಿ ಎಂಬ ಪ್ರಶ್ನೆ ಬಂತು. ಸುತ್ತ ಎಲ್ಲರೂ ಬರೆಯತೊಡಗಿದರು. ನನಗೆ ಉತ್ತರ ಪೂರ್ತಿ ಗೊತ್ತಿತ್ತು, ಆದರೆ ಬಹಳ ಹೊತ್ತು ಪೆನ್ನು ಹಿಡಿಯಲಾಗಲಿಲ್ಲ. ಆ ಪಾತ್ರವನ್ನು ಒಂದು ಮಂಚದ ಪಕ್ಕ ಕುಳಿತು ನೋಡಿದವಳು ನಾನು. ತುಟಿ ಒಡೆದು, ನಾಲಿಗೆ ಅಂಗುಳಿಗೆ ಅಂಟಿ, ಅಮ್ಮ ನೀರು ಕೇಳುತ್ತಿದ್ದಳು. ಒದ್ದೆ ಹತ್ತಿಯಿಂದ ತುಟಿ ಒರೆಸುವುದಕ್ಕೆ ಮಾತ್ರ ನರ್ಸ್ ಹೇಳಿದ್ದರು. ಇಡೀ ಬದುಕು ಕೇಳದೆ ಇದ್ದವಳು ಕೊನೆಗೂ ಬಾಯಿ ಬಿಟ್ಟು ಕೇಳಿದಾಗ ಇಲ್ಲ ಎನ್ನಬೇಕಾಗಿ ಬಂದದ್ದು ನನಗೆ.

ಮೂರನೆಯ ದಿನ ಅಜ್ಜಿ ಮನೆಗೆ ಹೋಗಿ ಸ್ನಾನ ಪೂಜೆ ಮುಗಿಸಿ, ಬಸ್ಸಿನಲ್ಲಿ ಮರಳಿ ಬಂದರು. ಸೆರಗಿನ ಒಳಗೆ ಸ್ಟೀಲಿನ ಡಬ್ಬಿ. ನರ್ಸ್ ಆಚೆ ಹೋಗುವುದನ್ನೇ ಕಾದು ಮುಚ್ಚಳ ತೆಗೆದರು. ಮೆತ್ತಗೆ ಬೇಯಿಸಿದ ಅನ್ನ, ತುಪ್ಪ, ಒಂದು ಹರಳು ಉಪ್ಪು.

"ಎದ್ದೇಳು ಗಿರಿಜಾ, ಎರಡೇ ತುತ್ತು. ಮೂರು ದಿನ ಉಪವಾಸ ಹಾಕಿದ್ರೆ ಮನುಷ್ಯರು ಉಳೀತಾರೇನೇ?"

ಆ ಮಾತನ್ನು ಬಾಯಲ್ಲಿ ಆಡಿದ್ದು ನನ್ನ ಅಜ್ಜಿ! ಅಮ್ಮ ಕತ್ತೆತ್ತಿದಳು. ಬಾಯಿ ತೆರೆಯಿತು. ನಾನು ಡಬ್ಬಿ ಕಿತ್ತುಕೊಂಡು ಮೂಲೆಯ ವಾಶ್‌ಬೇಸಿನ್ನಿಗೆ ಓಡಿ ಪೂರ್ತಿ ಸುರಿದೆ, ನಲ್ಲಿ ತಿರುಗಿಸಿ ಕೈಯಲ್ಲಿ ತಿಕ್ಕಿ ಕಳಿಸಿದೆ. ನೈವೇದ್ಯ ತೋರಿಸಿದ ಅನ್ನ ಅದು. ಅಜ್ಜಿ ಹಿಂದಿನಿಂದ ಬಂದು ಕೆನ್ನೆಗೆ ಹೊಡೆದರು.

"ಅನ್ನಾನ ಮೋರಿಗೆ ಹಾಕ್ತೀಯೇನೇ, ಪಾಪಿ!"

"ಇನ್ನೊಂದು ಡಬ್ಬಿ ತಂದ್ರೂ ಹಾಕ್ತೀನಿ."

ಪಕ್ಕದ ಮಂಚದವರೆಲ್ಲ ನೋಡುತ್ತಿದ್ದರು. ಆ ಅನ್ನಕ್ಕಾಗಿ ನಾನು ಆಗಲೂ ಮರುಗಲಿಲ್ಲ, ಈಗಲೂ ಇಲ್ಲ. ಆ ನಂತರದ ವರ್ಷಗಳಲ್ಲಿ ನನಗೆ ಜೋರು ಬಾಯಿಯವಳು ಎಂದು ಹೆಸರು ಬಂತು. ಆ ಬಾಯಿ ಹುಟ್ಟಿದ್ದು ಆ ವಾಶ್‌ಬೇಸಿನ್ನಿನ ಮುಂದೆ.

ಕಲ್ಲು ತಾನಾಗಿಯೇ ಕರುಳಿಗೆ ಜಾರಿತು. ಒಂದು ಬೆಳಿಗ್ಗೆ ಅಮ್ಮನ ಮುಖ ಗಂಟು ಬಿಚ್ಚಿದಂತೆ ಸಡಿಲವಾಯಿತು, ಮೆಲ್ಲಗೆ ಕಣ್ಣಿನ ಬಣ್ಣ ತಿಳಿಯಾಯಿತು. ಗಂಜಿಯ ತಿಳಿ, ಆಮೇಲೆ ಗಂಜಿ, ಆಮೇಲೆ ಇಡ್ಲಿ. ಆದರೆ ಚೀಲದ ತುಂಬ ಇನ್ನೂ ಕಲ್ಲುಗಳಿದ್ದವು. ಊತ ಪೂರ್ತಿ ಇಳಿಯಲಿ, ತಿಂಗಳು ಬಿಟ್ಟು ಬನ್ನಿ, ಚೀಲವನ್ನೇ ತೆಗೆಯುತ್ತೇನೆ ಎಂದರು ಡಾಕ್ಟರು. ಅಲ್ಲಿಯವರೆಗೆ ಹೊತ್ತಿಗೆ ಸರಿಯಾಗಿ ಸ್ವಲ್ಪ ಸ್ವಲ್ಪ ಊಟ, ಜಿಡ್ಡು ಬೇಡ, ಉಪವಾಸ ಬೇಡ. ಇನ್ನೊಂದು ಸಲ ಹೀಗಾದರೆ ನಾನು ಮಾತು ಕೊಡಲಾರೆ ಎಂದರು.

ಮನೆಗೆ ಬಂದ ಮೇಲೆ ನೋಡಲು ಬಂದವರ ಕಾಟ. ಹಾರ್ಲಿಕ್ಸ್ ಬಾಟಲಿ ಮಡಿಲಲ್ಲಿಟ್ಟುಕೊಂಡು, ಲಿವರಿಗೆ ಬಂದಿದೆ ಅಂತ ಕೇಳಿದ್ವಿ, ಲಿವರ್ ಅಂದ್ರೆ ಅದೂ... ಎಂದು ನಿಲ್ಲಿಸುತ್ತಿದ್ದರು. ಅಂಥವರಿಗೆ ಉತ್ತರ ಕೊಡುವ ಕೆಲಸ ಸೆಲ್ವಿ ಅಕ್ಕನದು. "ಹೌದು, ಗಿರಿಜಕ್ಕ ದಿನಾ ಕ್ವಾರ್ಟರ್ ಹಾಕ್ತಿದ್ರು, ನಾನೇ ತಂದ್ಕೊಡ್ತಿದ್ದೆ," ಎಂದು ಗೋಡೆಯ ಆಚೆಯಿಂದ ಕೂಗುತ್ತಿದ್ದಳು. ಅಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹೊಟ್ಟೆ ಹಿಡಿದದ್ದು ಕಂಡ ತಕ್ಷಣ ನನ್ನ ನಗು ನಿಲ್ಲುತ್ತಿತ್ತು. ರಾತ್ರಿ ನಾನು ಅವಳ ಪಕ್ಕದಲ್ಲೇ ಮಲಗಿ ಗಂಟೆಗೊಮ್ಮೆ ಏಳುತ್ತಿದ್ದೆ. ಅವಳೂ ಎಚ್ಚರವಾಗಿಯೇ ಇರುತ್ತಿದ್ದಳು.

"ಅಮ್ಮ, ನೋವಾ?"

"ಇಲ್ಲ ಮಾರಾಯ್ತಿ. ನೀನು ಕೇಳಿ ಕೇಳೀನೇ ಬರಿಸ್ತೀಯ."

ನೋವಿಗಿಂತ ಹಬ್ಬ ಹತ್ತಿರ ಬರುತ್ತಿರುವುದು ಅವಳನ್ನು ಎಚ್ಚರವಿಟ್ಟಿತ್ತು. ಗೌರಿ ಹಬ್ಬ. ಅವತ್ತು ಪೂಜೆ ಮುಗಿದು, ದಾರ ಕಟ್ಟಿಸಿಕೊಂಡು, ಮುತ್ತೈದೆಯರಿಗೆ ಬಾಗಿನ ಕೊಟ್ಟ ಮೇಲೆಯೇ ಸೊಸೆಯ ಊಟ. ಅಂದರೆ ಮಧ್ಯಾಹ್ನ ಎರಡರ ಮೇಲೆ. ಹಬ್ಬದ ಹಿಂದಿನ ಸಂಜೆ ನಾನು ಅಜ್ಜಿಯನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಚೇಂಬರಿನ ಮುಚ್ಚಳ ಸರಿಸಿದೆ. ಇದು ಲಿವರಿನ ಪೈಪು, ನಮ್ಮದು. ಅದು ಸೆಲ್ವಿ ಅಕ್ಕನದು, ಪ್ಯಾಂಕ್ರಿಯಾಸಿನದು. ಇಲ್ಲಿ ಕಲ್ಲು ಕೂತರೆ ಏನಾಗುತ್ತೆ ಎಂದು ಕೇಳಿದೆ. ಅಜ್ಜಿ ಬಗ್ಗಿ ನೋಡಿದರು. ಅವರಿಗೆ ತಕ್ಷಣ ಅರ್ಥವಾಯಿತು. ಆ ಚೇಂಬರಿನ ಸಂಕಟ ಅವರಷ್ಟು ಅನುಭವಿಸಿದವರು ಯಾರಿದ್ದಾರೆ? ಮುಚ್ಚಳ ಮುಚ್ಚಿ ಒಳಗೆ ಹೋದರು. ಗೆದ್ದೆ ಅಂದುಕೊಂಡೆ. ಅರ್ಥವಾಗುವುದು ಬೇರೆ, ಬಿಟ್ಟುಕೊಡುವುದು ಬೇರೆ ಎಂದು ಕಲಿತದ್ದು ಮರುದಿನ.

ಬೆಳಿಗ್ಗೆ ಎಂಟು ಗಂಟೆ. ಅಜ್ಜಿ ಮಡಿಯುಟ್ಟು ಗೌರಿಯ ಮುಂದೆ ದೀಪ ಹಚ್ಚುತ್ತಿದ್ದರು. ಅಪ್ಪಾಜಿ ಜಗಲಿಯಲ್ಲಿ ಪೇಪರ್ ಹಿಡಿದಿದ್ದರು. ಅಮ್ಮ ಸ್ನಾನ ಮಾಡಿ, ಹೊಸ ಸೀರೆ ಉಟ್ಟು, ಎರಡು ಇಡ್ಲಿಯನ್ನು ತಟ್ಟೆಗೆ ಹಾಕಿಕೊಂಡಳು. ಅಡುಗೆಮನೆಯ ಕಿಟಕಿಯ ಕೆಳಗೆ ಕೂರಲಿಲ್ಲ. ಹಾಲ್‌ಗೆ ಬಂದು, ದೇವರ ಗೂಡು ನೇರ ಕಾಣುವ ಜಾಗದಲ್ಲಿ ಅಪ್ಪಾಜಿಯ ಮಣೆ ಹಾಕಿಕೊಂಡು ಕುಳಿತಳು. ನಾವ್ಯಾರೂ ಅವಳಿಗೆ ಹೀಗೆ ಮಾಡು ಎಂದು ಹೇಳಿಕೊಟ್ಟಿರಲಿಲ್ಲ.

"ಅತ್ತೆ, ನಾನು ತಿಂಡಿ ತಿಂತಿದೀನಿ."

ಅಜ್ಜಿ ತಿರುಗಿದರು. ಕೈಯಲ್ಲಿ ಬತ್ತಿ ಉರಿಯುತ್ತಿತ್ತು.

"ಎಂಜಲು ಬಾಯಲ್ಲಿ ಗೌರಿ ಮುಂದೆ ನಿಲ್ತೀಯೇನೇ?"

"ಬಾಯಿ ತೊಳ್ಕೊಂಡು ನಿಲ್ತೀನಿ. ಗೌರಿ ಏನೂ ಅನ್ನಲ್ಲ ಅತ್ತೆ. ಅನ್ನೋಳು ನೀವು."

"ನಮ್ಮ ಅತ್ತೆ ಇದ್ದಿದ್ರೆ ಈ ಮನೆ ಹೊಸ್ತಿಲು..."

"ಅವರು ಇಲ್ಲ ಅಜ್ಜಿ," ಅಂದೆ ನಾನು. "ಅಮ್ಮ ಇದಾಳೆ."

ಅಜ್ಜಿ ಜಗಲಿಯ ಕಡೆ ಮುಖ ಮಾಡಿ ಅಪ್ಪಾಜಿಯನ್ನು ಕರೆದರು, ನೀನೇ ಹೇಳು ಎಂದರು. ಅಪ್ಪಾಜಿ ಬಾಗಿಲಲ್ಲಿ ಬಂದು ನಿಂತರು. ಅಮ್ಮ ತಲೆಯೆತ್ತಲಿಲ್ಲ. ಇಡ್ಲಿ ಮುರಿದಳು, ಬಾಯಿಗೆ ಹಾಕಿಕೊಂಡಳು, ಅಗಿದಳು.

"ತಿನ್ಲಿ ಬಿಡವ್ವ," ಅಂದರು ಅಪ್ಪಾಜಿ.

ಅಷ್ಟು ವರ್ಷದ ಸಂಸಾರದಲ್ಲಿ ಅವಳ ಪರವಾಗಿ ಅವರು ಆಡಿದ ಮಾತು ಅಷ್ಟೇ. ನಾನು ದೊಡ್ಡವಳಾದ ಮೇಲೆ ನೆಂಟರು ಅದನ್ನು ಅಪ್ಪಾಜಿಯ ದೊಡ್ಡತನ ಎಂದು ಹೇಳುವುದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಆ ಹೊತ್ತಿಗೆ ಅಮ್ಮ ಮೊದಲ ತುತ್ತು ನುಂಗಿಯಾಗಿತ್ತು. ಅಪ್ಪಣೆ ಆಮೇಲೆ ಬಂತು.

ಅಜ್ಜಿ ಅವತ್ತು ಅಮ್ಮನ ಕೈಗೆ ದಾರ ಕಟ್ಟಲಿಲ್ಲ. ಬಾಗಿನಕ್ಕೆ ಬಂದ ಹೆಂಗಸರೆಲ್ಲ ಅದನ್ನು ನೋಡಿದರು. ಅಮ್ಮ ತನ್ನ ದಾರವನ್ನು ತಾನೇ ಕಟ್ಟಿಕೊಳ್ಳಲು ನೋಡಿದಳು. ಒಂದೇ ಕೈಯಲ್ಲಿ ಆಗಲಿಲ್ಲ. ನಾನು ಕಟ್ಟಿದೆ. ಮದುವೆಯಾಗದ ಹುಡುಗಿ ಕಟ್ಟಬಾರದು ಎಂದು ಯಾರೋ ಅಂದರು. ಕಟ್ಟಿಯಾಗಿತ್ತು. ಆಮೇಲೆ ಪ್ರತಿದಿನ ಎಂಟಕ್ಕೆ ಅಮ್ಮ ಅದೇ ಜಾಗದಲ್ಲಿ ಕುಳಿತು ತಿಂದಳು. ಸೋಮವಾರವೂ ತಿಂದಳು. ಅಜ್ಜಿ ಎರಡು ವಾರ ಅವಳೊಡನೆ ನೇರ ಮಾತಾಡದೆ ನನ್ನ ಮೂಲಕ ಮಾತಾಡಿದರು. ಅವರು ತಮ್ಮ ಉಪವಾಸ ಬಿಡಲಿಲ್ಲ, ಕೊನೆಯ ವರ್ಷದವರೆಗೂ ಬಿಡಲಿಲ್ಲ. ಬೇಡವೆನ್ನಲು ನಾನು ಯಾರು? ಅದು ಅವರ ಹೊಟ್ಟೆ.

ಆಪರೇಷನ್ ಆಯಿತು. ಡಾಕ್ಟರು ತೆಗೆದ ಕಲ್ಲುಗಳನ್ನು ಸಣ್ಣ ಬಾಟಲಿಯಲ್ಲಿ ಹಾಕಿ ತೋರಿಸಿದರು. ಕಡಲೆಬೇಳೆಯಷ್ಟು, ಕೆಲವು ಸಾಸಿವೆಯಷ್ಟು. ಪಿತ್ತಕೋಶವಿಲ್ಲದೆಯೂ ಬದುಕಬಹುದು, ಲಿವರು ಮಾಡಿದ ರಸ ನೇರ ಕರುಳಿಗೆ ಇಳಿಯುತ್ತದೆ, ಮೇದೋಜೀರಕ ಗ್ರಂಥಿ ಚೇತರಿಸಿಕೊಂಡಿದೆ ಎಂದರು. ಮನೆಗೆ ಬಂದ ಮೇಲೂ ನಾವಿಬ್ಬರೂ ರಾತ್ರಿ ಏಳುವುದನ್ನು ಬಿಡಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದ ನೋವಿಗೆ ಕಿವಿಗೊಟ್ಟು ಮಲಗಿರುತ್ತಿದ್ದೆವು.

ಕಾರ್ತಿಕದ ಒಂದು ಸೋಮವಾರ ನಾನು ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಮೇಲೆ ಬಂದಿತ್ತು. ಅಷ್ಟು ಬಿಸಿಲನ್ನು ಮಲಗಿದಲ್ಲಿಂದ ನಾನು ನೋಡಿಯೇ ಇರಲಿಲ್ಲ. ಗಾಬರಿಯಿಂದ ತಿರುಗಿದೆ. ಅಮ್ಮ ಬಾಯಿ ಸ್ವಲ್ಪ ತೆರೆದು, ಒಂದು ಕೈ ತಲೆಯ ಮೇಲೆ ಚೆಲ್ಲಿ ಮಲಗಿದ್ದಳು. ಹೊದಿಕೆ ಏರುತ್ತಿತ್ತು, ಇಳಿಯುತ್ತಿತ್ತು. ರಾತ್ರಿ ಎದ್ದದ್ದು ನೆನಪು ಮಾಡಿಕೊಳ್ಳಲು ನೋಡಿದೆ. ಎದ್ದಿರಲಿಲ್ಲ. ಅವಳೂ ಎದ್ದಿರಲಿಲ್ಲ. ಹೊರಗೆ ಜಗಲಿಯಲ್ಲಿ ಸೊಪ್ಪಿನವಳು ಬುಟ್ಟಿ ಇಳಿಸುವ ಸದ್ದು, ದಂಟು, ಪಾಲಕ್, ಮೆಂತ್ಯ ಎಂದು ಶುರು ಮಾಡಿದ ಅವಳ ಕೂಗು, ಅದನ್ನು ಅರ್ಧಕ್ಕೇ ತಡೆದ ಅಜ್ಜಿಯ ಧ್ವನಿ ಕೇಳಿಸಿತು.

"ಶ್! ಮೆಲ್ಲಗೆ ಮಾರಾಯ್ತಿ. ಸೊಸೆ ಮಲಗಿದಾಳೆ."

"ಇಷ್ಟೊತ್ತಾದ್ರೂನಾ? ಯಾಕಜ್ಜಿ, ಮತ್ತೆ ಹುಷಾರಿಲ್ವಾ?"

"ಹುಷಾರಾಗಿದಾಳೆ," ಅಂದರು ಅಜ್ಜಿ. "ಅದಕ್ಕೇ ಮಲಗಿದಾಳೆ."